ಕೊನೆಯ ಸಾಲಿಗೂ ಕೇಳುವ ದನಿ

ಶಿಷ್ಯೆ: ಹಾಡುವವರ ದನಿ ಸಣ್ಣದು, ಹಿಂದಿನ ಸಾಲಿಗೆ ಕೇಳುವುದಿಲ್ಲ ಎಂದು ಸಭಿಕರು ಹೇಳುವುದುಂಟು. ಅದಕ್ಕೆ ಕಾರಣವೇನು ಮೇಷ್ಟ್ರೇ, ಗಂಟಲೋ ಉಸಿರೋ?

ಮೇಷ್ಟ್ರು: ಆ ಮಾತಿನಲ್ಲಿ ಎರಡು ದೂರುಗಳು ಬೆರೆತಿವೆ. ದನಿ ಗಟ್ಟಿಯಿಲ್ಲ ಎನ್ನುವುದು ಒಂದು, ದೂರ ಮುಟ್ಟುವುದಿಲ್ಲ ಎನ್ನುವುದು ಇನ್ನೊಂದು. ಗಟ್ಟಿತನವನ್ನು ಡೆಸಿಬೆಲ್‌ನಲ್ಲಿ ಅಳೆಯಬಹುದು. ಮುಟ್ಟುವ ಗುಣ ಆ ಒಂದು ಅಂಕಿಗೆ ಸಿಗುವುದಿಲ್ಲ. ಪಕ್ಕದಲ್ಲಿ ಕೂತವರ ಕಿವಿ ಗಡಚಿಕ್ಕುವಂತೆ ಹಾಡುವವರ ಸಾಹಿತ್ಯ ಹತ್ತನೇ ಸಾಲಿನಲ್ಲಿ ಮಸುಕಾಗಬಹುದು. ಮೆಲ್ಲಗೆ ಹಾಡುವ ಇನ್ನೊಬ್ಬರ ಒಂದೊಂದು ಅಕ್ಷರವೂ ಅಲ್ಲಿಗೆ ತಲುಪಬಹುದು. ಕಲಿಯುವವರು ಮೊದಲು ಗಳಿಸಬೇಕಾದದ್ದು ಎರಡನೆಯ ಗುಣವನ್ನು. ಅದು ಬಂದರೆ ಗಟ್ಟಿತನದ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ.

ಶಿಷ್ಯೆ: ಇನ್ನಷ್ಟು ಜೋರಾಗಿ ಹಾಡಿದರೆ ದೂರಕ್ಕೂ ತಲುಪಲೇಬೇಕಲ್ಲ?

ಮೇಷ್ಟ್ರು: ದೂರದ ಲೆಕ್ಕ ಬಲು ದುಬಾರಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬಾಯಿಂದ 1 ಮೀಟರ್ ದೂರದಲ್ಲಿ 80 ಡೆಸಿಬೆಲ್ ಇದ್ದದ್ದು 2 ಮೀಟರ್‌ಗೆ 74, 4ಕ್ಕೆ 68, 8ಕ್ಕೆ 62, 16ಕ್ಕೆ 56. ಎದುರುಬದುರು ಕೂತವರ ಮಾಮೂಲಿ ಮಾತು ಸುಮಾರು 60 ಡೆಸಿಬೆಲ್. ಬೆಂಗಳೂರಿನ ಹಲಸೂರಿನ ಸೋಮೇಶ್ವರ ದೇವಸ್ಥಾನದ ತೆರೆದ ಅಂಗಳದಲ್ಲಿ ಮೈಕ್ ಇಲ್ಲದೆ ಅಷ್ಟು ಗಟ್ಟಿಯಾಗಿ ಹಾಡಿದರೂ 16 ಮೀಟರ್ ಆಚೆ ನಿಂತವರಿಗೆ ಅದು ಮಾತಿಗಿಂತ ಮೆಲ್ಲಗೆ ಕೇಳುತ್ತದೆ. ಅದೇ ಗುಡಿಯ ಕಲ್ಲುಕಂಬದ ಮಂಟಪದೊಳಗೆ ಹಾಗಾಗುವುದಿಲ್ಲ. ಕಂಬ, ಗೋಡೆ, ಚಾವಣಿಗಳಿಗೆ ತಾಗಿ ಮರಳಿದ ದನಿ ನೇರ ದನಿಯನ್ನು ಕೂಡಿಕೊಳ್ಳುವುದರಿಂದ ಇಳಿತ ಕಡಿಮೆ.

ಶಿಷ್ಯೆ: ದಂಡು ಪ್ರದೇಶದ ಹಳೆಯ ಚರ್ಚುಗಳಲ್ಲಿ ಹತ್ತು ಹನ್ನೆರಡು ಜನರ ಕಾಯರ್ ಕೂಡ ತುಂಬಿ ಕೇಳುವುದು ಇದರಿಂದಲೇ?

ಮೇಷ್ಟ್ರು: ಹೌದು. 1866ರಲ್ಲಿ ತೆರೆದ ಸೇಂಟ್ ಆಂಡ್ರ್ಯೂಸ್ ಚರ್ಚ್‌ನಂಥ ಎತ್ತರದ ಚಾವಣಿಯ, ಗಟ್ಟಿ ಗೋಡೆಯ ಕಟ್ಟಡ ಹಾಡುವವರ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಆದರೆ ಅಂಥ ಜಾಗದಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಅಲ್ಲಿ ಬಲ ಹೆಚ್ಚಿಸಿದರೆ ಗೊಂದಲವೇ ಹೆಚ್ಚುತ್ತದೆ. ವ್ಯಂಜನಗಳನ್ನು ಚೊಕ್ಕವಾಗಿ ಕತ್ತರಿಸಿ ಹಾಡಬೇಕು. ಸೋಫಾ, ಪರದೆ, ರತ್ನಗಂಬಳಿ ತುಂಬಿದ ಇಂದಿರಾನಗರದ ಮನೆಯ ಹಾಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ದನಿ ಬಟ್ಟೆಯಲ್ಲಿ ಇಂಗಿಹೋಗುತ್ತದೆ, ಹಾಡುವವರಿಗೆ ತಮ್ಮ ದನಿ ಸತ್ತಂತೆ ತೋರುತ್ತದೆ, ಅರಿವಿಲ್ಲದೆ ಗಂಟಲು ಬಿಗಿಯುತ್ತದೆ. ಹಾಡುವ ಮುನ್ನ ಒಂದು ಚಪ್ಪಾಳೆ ತಟ್ಟಿ, ಅದು ಎಷ್ಟು ಹೊತ್ತು ನಿಂತಿತು ಎಂದು ಕೇಳಿಸಿಕೊಂಡರೆ ಜಾಗದ ಗುಣ ತಿಳಿಯುತ್ತದೆ.

ಶಿಷ್ಯೆ: ದೂರ ಮುಟ್ಟುವ ದನಿಯಲ್ಲಿ ಇರುವ ವಿಶೇಷವಾದರೂ ಏನು?

ಮೇಷ್ಟ್ರು: ತಂಬೂರಿಯ ಒಂದು ತಂತಿ ಮೀಟಿದಾಗ ಮೂಲಸ್ವರದ ಜೊತೆ ಸ್ವಯಂಭೂ ಸ್ವರಗಳು ಕೇಳುವಂತೆ, ಕಂಠದ ಪ್ರತಿ ಸ್ವರದಲ್ಲೂ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು ಸೇರಿರುತ್ತವೆ. ಅವುಗಳಲ್ಲಿ 2500ರಿಂದ 3500 ಹರ್ಟ್ಸ್‌ವರೆಗಿನವು ಬಲವಾಗಿದ್ದರೆ ದನಿ ಹೊಳೆಯುತ್ತದೆ. ಮನುಷ್ಯರ ಕಿವಿ ಹೆಚ್ಚುಕಡಿಮೆ ಅದೇ ವಲಯಕ್ಕೆ ತುಂಬ ಸೂಕ್ಷ್ಮ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಆಪೆರಾ ಗಾಯಕರಲ್ಲಿ ವಿವರಿಸಿದರು. ವಾದ್ಯವೃಂದದ ಶಕ್ತಿ 500 ಹರ್ಟ್ಸ್ ಸುಮಾರಿನಲ್ಲಿ ಶಿಖರ ಮುಟ್ಟಿ ಮೇಲೆ ಹೋದಂತೆ ಕುಸಿಯುತ್ತದೆ. ಗಾಯಕರ ದನಿಯಲ್ಲಿ 3000 ಹರ್ಟ್ಸ್ ಬಳಿ ಇನ್ನೊಂದು ಶಿಖರ ಏಳುತ್ತದೆ. ವಾದ್ಯಗಳು ಬಿಟ್ಟುಕೊಟ್ಟ ಆ ತೆರಪಿನಿಂದ ಒಬ್ಬರ ಕಂಠ ಮೈಕ್ ಇಲ್ಲದೆ ಹೊರಗೆ ಬರುತ್ತದೆ. ಕರ್ನಾಟಕ ಸಂಗೀತಕ್ಕೆ ಆಪೆರಾದ ನಾದ ಬೇಕಿಲ್ಲ. ಆದರೂ ಹಳಬರು ಕಂಚಿನ ಕಂಠ ಎಂದು ಮೆಚ್ಚಿದ ದನಿಯಲ್ಲಿ ಈ ಹೊಳಪು ಇರುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿ ಬೆಲೆ ಕೂಗುವ ವ್ಯಾಪಾರಿಯ ದನಿ ಗದ್ದಲವನ್ನು ಸೀಳಿ ಬರುವುದೂ ಇಂಥ ಚೂಪಿನಿಂದ.

ಶಿಷ್ಯೆ: ಮೈಕ್ ಬರುವ ಮೊದಲು ಹಾಡುಗಾರರು ಹೇಗೆ ನಿಭಾಯಿಸುತ್ತಿದ್ದರು?

ಮೇಷ್ಟ್ರು: ಆಗ ಕೇಳಿಸುವುದೇ ಕಛೇರಿಯ ಮೊದಲ ಪರೀಕ್ಷೆ. ದೊಡ್ಡ ಸಭೆಯಲ್ಲಿ ಪಿಟೀಲು ಹಿಂದಿನವರಿಗೆ ಕೇಳದೆಂದು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಗೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದರು. ಕಂಠಕ್ಕೆ ತಂತಿ ಸೇರಿಸುವಂತಿಲ್ಲ. ಕಂಪನಿ ನಾಟಕದ ಗಾಯಕ ನಟರು ಎತ್ತರದ ಶ್ರುತಿ ಹಿಡಿದರು. ಬಯಲಿನಲ್ಲಿ ರಾತ್ರಿಯಿಡೀ ಚೆಂಡೆಯ ಮೇಲೆ ಕೇಳಿಸಬೇಕಾದ ಯಕ್ಷಗಾನದ ಭಾಗವತರೂ ಅದನ್ನೇ ಮಾಡಿದರು. ಶ್ರುತಿ ಏರಿದಂತೆ ಕಂಠ ಸಹಜವಾಗಿ ಗಟ್ಟಿಯಾಗುತ್ತದೆ, ಹೊಳಪೂ ಹೆಚ್ಚುತ್ತದೆ. ಮೈಕ್ ಬಂದ ಮೇಲೆ ಆ ಒತ್ತಾಯ ತಪ್ಪಿತು, ತಗ್ಗಿನ ಶ್ರುತಿಯ ನಾಜೂಕಿನ ಗಾಯನಕ್ಕೂ ಜಾಗ ಸಿಕ್ಕಿತು. ಅದರ ಜೊತೆಗೆ ಬಾಯಿ ಬಿಟ್ಟು ಹಾಡುವ ಅಭ್ಯಾಸವೂ ಸಡಿಲವಾಯಿತು.

ಶಿಷ್ಯೆ: ಹಾಗಾದರೆ ಶ್ರುತಿ ಏರಿಸಿಕೊಂಡರೆ ದನಿ ದೊಡ್ಡದಾಗುತ್ತದೆ ಎನ್ನೋಣವೇ?

ಮೇಷ್ಟ್ರು: ಒಂದು ಮಿತಿಯವರೆಗೆ ಮಾತ್ರ. ಕಛೇರಿಗೆ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಎರಡು ಸ್ಥಾಯಿಯ ಹರಹು ಬೇಕು. ಶ್ರುತಿ ತಗ್ಗಿದರೆ ಮಂದ್ರ ಕೇಳಿಸದು, ಏರಿದರೆ ತಾರದಲ್ಲಿ ಕಿರುಚು ಹುಟ್ಟುತ್ತದೆ. ಮಂದ್ರ ಪಂಚಮದಲ್ಲಿ ದನಿ ಗಾಳಿಯಾಗದೆ, ತಾರ ಪಂಚಮದಲ್ಲಿ ಕುತ್ತಿಗೆ ಬಿಗಿಯದೆ ನಿಲ್ಲುವ ಶ್ರುತಿಯೇ ಆ ಕಂಠದ ಶ್ರುತಿ. ಗಂಡಸರಿಗೆ ಅದು ಸಾಮಾನ್ಯವಾಗಿ ಹಾರ್ಮೋನಿಯಂನ ಒಂದರಿಂದ ಎರಡೂವರೆ ಮನೆಯ ಆಸುಪಾಸು, ಹೆಂಗಸರಿಗೆ ನಾಲ್ಕೂವರೆಯಿಂದ ಆರರ ಆಸುಪಾಸು. ಕ್ಲಾಸಿನಲ್ಲಿ ಎಲ್ಲರಿಗೂ ಸೇರಿಸಿ ಇಟ್ಟ ಶ್ರುತಿಯಲ್ಲೇ ವರ್ಷಗಟ್ಟಲೆ ಹಾಡಿದ ಮಕ್ಕಳಿಗೆ ತಮ್ಮ ಶ್ರುತಿಯೇ ತಿಳಿದಿರುವುದಿಲ್ಲ. ಸಣ್ಣ ದನಿಯ ದೂರಿಗೆ ಎಷ್ಟೋ ಸಲ ಇದೊಂದೇ ಕಾರಣ.

ಶಿಷ್ಯೆ: ಇನ್ನು ದೇಹದ ವಿಷಯ. ಉಸಿರಿನ ಪಾತ್ರ ಎಷ್ಟು?

ಮೇಷ್ಟ್ರು: ಉಸಿರು ದನಿಯ ಇಂಧನ. ಮಾಮೂಲಿ ಮಾತಿನಲ್ಲಿ ಧ್ವನಿತಂತುಗಳ ಕೆಳಗಿನ ಗಾಳಿಯ ಒತ್ತಡ 5ರಿಂದ 10 ಸೆಂಟಿಮೀಟರ್ ನೀರಿನ ಮಟ್ಟದಷ್ಟು. ಗಟ್ಟಿಯಾಗಿ ಹಾಡುವಾಗ ಅದು 20, 30ಕ್ಕೆ ಏರುತ್ತದೆ. ಒತ್ತಡ ಎರಡು ಪಟ್ಟಾದರೆ ದನಿ ಸುಮಾರು 8ರಿಂದ 9 ಡೆಸಿಬೆಲ್ ಹೆಚ್ಚುತ್ತದೆ. ಆದರೆ ಎದೆ ಬಿರಿಯುವಷ್ಟು ಗಾಳಿ ತುಂಬಿಕೊಳ್ಳುವುದು ಇದಕ್ಕೆ ಉಪಾಯವಲ್ಲ. ಹಾರ್ಮೋನಿಯಂನ ತಿದಿಯನ್ನು ಒಮ್ಮೆಗೇ ಗುದ್ದಿದರೆ ಸ್ವರ ಅದುರುತ್ತದೆ, ಸಮವಾಗಿ ಒತ್ತಿದರೆ ನಿಲ್ಲುತ್ತದೆ. ಕಂಠಕ್ಕೂ ಬೇಕಾದದ್ದು ಸಮವಾದ ಒತ್ತಡ. ಭುಜ ಏರಿಸದೆ, ಕೆಳಪಕ್ಕೆಲುಬು ಮತ್ತು ಸೊಂಟದ ಸುತ್ತ ಹರಡುವಂತೆ ಸದ್ದಿಲ್ಲದೆ ಉಸಿರು ತೆಗೆದುಕೊಳ್ಳಬೇಕು. ಹಾಡು ಶುರುವಾದ ಮೇಲೆ ಪಕ್ಕೆಲುಬು ತಟಕ್ಕನೆ ಕುಸಿಯಲು ಬಿಡದೆ, ಹಿಗ್ಗಿದ ಹಾಗೆಯೇ ಆದಷ್ಟು ಹೊತ್ತು ಹಿಡಿದು, ಹೊಟ್ಟೆಯ ಸ್ನಾಯುಗಳಿಂದ ಗಾಳಿಯನ್ನು ನಿಧಾನವಾಗಿ ಕಳಿಸಬೇಕು.

ಶಿಷ್ಯೆ: ಕರ್ನಾಟಕ ಸಂಗೀತದಲ್ಲಿ ನೆಲದ ಮೇಲೆ ಕೂತೇ ಹಾಡಬೇಕು. ಅದು ಅಡ್ಡಿಯಲ್ಲವೇ?

ಮೇಷ್ಟ್ರು: ಬೆನ್ನು ಬಾಗಿದರೆ ಅಡ್ಡಿ. ಚಕ್ಕಳಮಕ್ಕಳ ಹಾಕಿ ಕೂತಾಗ ಸೊಂಟ ಹಿಂದಕ್ಕೆ ಜಾರಿ ಹೊಟ್ಟೆ ಮಡಿಚಿಕೊಳ್ಳುತ್ತದೆ, ವಪೆ ಕೆಳಗಿಳಿಯಲು ಜಾಗ ಇರುವುದಿಲ್ಲ. ಒಂದು ಮಡಿಸಿದ ಜಮಖಾನೆ ಅಥವಾ ಸಣ್ಣ ದಿಂಬನ್ನು ಕುಂಡಿಯ ಕೆಳಗೆ ಇಟ್ಟು, ಮಂಡಿಗಳು ಸೊಂಟಕ್ಕಿಂತ ತಗ್ಗಿನಲ್ಲಿ ಇರುವಂತೆ ಕೂತರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಗಲ್ಲ ಎತ್ತಲೂ ಬಾರದು, ಎದೆಗೆ ಒತ್ತಲೂ ಬಾರದು. ಇನ್ನೊಂದು ಅಡ್ಡಿ ಮಡಿಲಲ್ಲಿಟ್ಟ ಪುಸ್ತಕ ಅಥವಾ ಮೊಬೈಲ್. ದನಿಯ ತಗ್ಗಿನ ಕಂಪನಗಳು ಎಲ್ಲ ದಿಕ್ಕಿಗೂ ಹರಡುತ್ತವೆ, ಹೊಳಪು ಕೊಡುವ ಎತ್ತರದ ಕಂಪನಗಳು ಬಾಯಿ ತಿರುಗಿದ ಕಡೆಗೇ ಹೆಚ್ಚಾಗಿ ಹೋಗುತ್ತವೆ. ತಲೆ ತಗ್ಗಿಸಿ ಸಾಹಿತ್ಯ ಓದುತ್ತ ಹಾಡಿದರೆ ಆ ಹೊಳಪನ್ನೆಲ್ಲ ಜಮಖಾನೆ ಕುಡಿಯುತ್ತದೆ.

ಶಿಷ್ಯೆ: ಗಂಟಲಿನೊಳಗೆ ಏನು ನಡೆಯಬೇಕು?

ಮೇಷ್ಟ್ರು: ಧ್ವನಿತಂತುಗಳು ಪ್ರತಿ ಕಂಪನದಲ್ಲೂ ಚೊಕ್ಕವಾಗಿ ಕೂಡಿ ಬಿಡಬೇಕು. ಐದೂವರೆ ಮನೆಯ ಶ್ರುತಿಯಲ್ಲಿ ಮಧ್ಯ ಷಡ್ಜಕ್ಕೆ ಅವು ಸೆಕೆಂಡಿಗೆ ಸುಮಾರು 208 ಬಾರಿ ಕೂಡುತ್ತವೆ, ತಾರ ಷಡ್ಜಕ್ಕೆ 415 ಬಾರಿ. ಸರಿಯಾಗಿ ಕೂಡದಿದ್ದರೆ ಗಾಳಿ ಸೋರಿ ದನಿ ಪೊಳ್ಳಾಗುತ್ತದೆ. ಭಾವಗೀತೆಯನ್ನು ಮೈಕಿಗೆ ಅಂಟಿಕೊಂಡು ಪಿಸುದನಿಯಲ್ಲಿ ಹಾಡಿ ರೂಢಿಯಾದವರಲ್ಲಿ ಇದು ಹೆಚ್ಚು. ಬಲವಂತವಾಗಿ ಅದುಮಿದರೆ ದನಿ ಹಿಂಡಿದಂತಾಗುತ್ತದೆ, ಬೇಗ ದಣಿಯುತ್ತದೆ. ಇವೆರಡರ ನಡುವಿನ ಹದಕ್ಕೆ ಜಂಟಿ ವರಸೆ ಒಳ್ಳೆಯ ಮದ್ದು. ಜೋಡಿಯ ಎರಡನೇ ಸ್ವರಕ್ಕೆ ಕೊಡುವ ಒತ್ತು ಗಂಟಲಿನ ಗುದ್ದಿನಿಂದ ಬರದೆ ಹೊಟ್ಟೆಯ ಸಣ್ಣ ತಳ್ಳಿಕೆಯಿಂದ ಬಂದರೆ, ತಂತುಗಳು ಚುರುಕಾಗಿ ಕೂಡುವುದನ್ನು ಕಲಿಯುತ್ತವೆ.

ಶಿಷ್ಯೆ: ಬಾಯಿ ಎಷ್ಟು ತೆರೆಯಬೇಕು? ಅಕಾರದಲ್ಲಿ ಬಾಯಿ ಬಿಡಿ ಎನ್ನುತ್ತಾರೆ, ತೀರ ಬಿಡಬೇಡಿ ಎಂದೂ ಎನ್ನುತ್ತಾರೆ.

ಮೇಷ್ಟ್ರು: ಎರಡೂ ಸರಿ. ಗಂಟಲಿನಿಂದ ತುಟಿಯವರೆಗಿನ ನಾಳ ದೊಡ್ಡವರಲ್ಲಿ 14ರಿಂದ 18 ಸೆಂಟಿಮೀಟರ್ ಉದ್ದ. ಅದರ ಆಕಾರ ಬದಲಾದಂತೆ ಅದು ಅನುರಣಿಸುವ ಕಂಪನಗಳೂ ಬದಲಾಗುತ್ತವೆ. ‘ಆ’ ಸ್ವರಾಕ್ಷರದ ಮೊದಲ ಅನುರಣನ ಸುಮಾರು 700 ಹರ್ಟ್ಸ್ ಮೇಲಿದೆ, ‘ಈ’ ಮತ್ತು ‘ಊ’ಗಳದ್ದು 300ರ ಆಸುಪಾಸು. ಐದೂವರೆ ಮನೆಯಲ್ಲಿ ತಾರ ಷಡ್ಜದ 415 ಹರ್ಟ್ಸ್ ಈಗಾಗಲೇ ಆ 300ನ್ನು ದಾಟಿದೆ. ಆದ್ದರಿಂದ ತಾರದಲ್ಲಿ ‘ಈ’ ಬಂದಾಗ ತುಟಿಯನ್ನು ಬಿಗಿಯಾಗಿ ಎಳೆದು ಹಾಡಿದರೆ ನಾಳ ಸಹಕರಿಸದೆ ದನಿ ಸೊರಗುತ್ತದೆ. ದವಡೆಯನ್ನು ಸ್ವಲ್ಪ ಇಳಿಸಿ, ‘ಈ’ಯೊಳಗೆ ಚೂರು ‘ಎ’ಯ ಜಾಗ ಬಿಟ್ಟರೆ ಅದೇ ಉಸಿರಿನಲ್ಲಿ ಸ್ವರ ತುಂಬಿ ಬರುತ್ತದೆ. ಮಧ್ಯ ಸ್ಥಾಯಿಯಲ್ಲಿ ಅಷ್ಟು ತೆರೆಯಬೇಕಿಲ್ಲ.

ಶಿಷ್ಯೆ: ನಮ್ಮ ಶಾಸ್ತ್ರಗ್ರಂಥಗಳು ಈ ಬಗ್ಗೆ ಏನಾದರೂ ಹೇಳಿವೆಯೇ?

ಮೇಷ್ಟ್ರು: 13ನೇ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರ ಗಾಯಕರ 25 ದೋಷಗಳನ್ನು ಪಟ್ಟಿ ಮಾಡಿದೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಬಾಯಿ ಭಯಂಕರವಾಗಿ ತೆರೆಯುವವನು ಕರಾಲೀ, ಮುಖ ಮತ್ತು ಕುತ್ತಿಗೆಯ ನರ ಉಬ್ಬಿಸುವವನು ಝೋಂಬಕ, ಕುತ್ತಿಗೆ ಸೊಟ್ಟ ಮಾಡುವವನು ವಕ್ರೀ, ಅಕ್ಷರ ಸ್ಪಷ್ಟವಿಲ್ಲದವನು ಅವ್ಯಕ್ತ, ಮೂಗಿನಲ್ಲಿ ಹಾಡುವವನು ಸಾನುನಾಸಿಕ. ಇಂದಿನ ಕಂಠತಜ್ಞರು ಕನ್ನಡಿಯ ಮುಂದೆ ನಿಲ್ಲಿಸಿ ತಿದ್ದುವ ತಪ್ಪುಗಳಲ್ಲಿ ಹೆಚ್ಚಿನವು ಇವೇ. ಕಲಿಯುವವರು ಪಟ್ಟಿಯನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡರೂ ನಷ್ಟವಿಲ್ಲ.

ಶಿಷ್ಯೆ: ಕೆ.ಆರ್. ಪುರದಂಥ ಕಡೆ ಫ್ಲ್ಯಾಟಿನಲ್ಲಿ ಇರುವವರ ಕಷ್ಟ ಬೇರೆ ಮೇಷ್ಟ್ರೇ. ಬೆಳಗ್ಗೆ ಐದೂವರೆಗೆ ತಾರಸ್ಥಾಯಿ ಹಾಡಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಅವರು ದನಿ ಬೆಳೆಸುವುದು ಹೇಗೆ?

ಮೇಷ್ಟ್ರು: ಬೆಂಗಳೂರಿನ ಸಣ್ಣ ದನಿಗಳಲ್ಲಿ ಒಂದು ದೊಡ್ಡ ಪಾಲು ಹುಟ್ಟುವುದು ಆ ಗೋಡೆಯ ಭಯದಿಂದಲೇ. ಮೆಲ್ಲಗೆ ಹಾಡಿ ಹಾಡಿ ಕಳ್ಳದನಿಯೇ ರೂಢಿಯಾಗುತ್ತದೆ. ಆದರೆ ಹೆಚ್ಚು ಸದ್ದು ಮಾಡದೆ ಮಾಡಬಹುದಾದ ಕಸರತ್ತುಗಳಿವೆ. ತುಟಿ ಮುಚ್ಚಿ ‘ಮ್’ ಎಂದು ಗುನುಗುವುದು, ಮಕ್ಕಳು ಬಸ್ಸಿನ ಸದ್ದು ಮಾಡುವಂತೆ ತುಟಿ ಅದುರಿಸುತ್ತ ಸರಳೆ ಹಾಡುವುದು, ಎಳನೀರು ಕುಡಿಯುವ ಸ್ಟ್ರಾ ಬಾಯಲ್ಲಿಟ್ಟುಕೊಂಡು ಅದರೊಳಗೆ ಸ್ವರ ಊದುವುದು, ಸ್ಟ್ರಾದ ತುದಿಯನ್ನು ಲೋಟದ ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿಸಿ ಗುಳ್ಳೆ ಏಳಿಸುವುದು. ಬಾಯಿಯ ಬಳಿ ದಾರಿ ಕಿರಿದಾದಾಗ ಒಳಗೆ ಹಿಮ್ಮುಖ ಒತ್ತಡ ಏಳುತ್ತದೆ. ಧ್ವನಿತಂತುಗಳು ಒಂದನ್ನೊಂದು ಬಡಿಯದೆ ಹಗುರವಾಗಿ ಕಂಪಿಸುತ್ತವೆ. ಅಮೆರಿಕದ ಇಂಗೋ ಟಿಟ್ಜೆ ಈ ವಿಧಾನವನ್ನು ಅಧ್ಯಯನ ಮಾಡಿ ಪ್ರಚಾರಕ್ಕೆ ತಂದವರಲ್ಲಿ ಮುಖ್ಯರು. ಬೆಳಗಿನ ಹೊತ್ತು ಇವನ್ನು ಮಾಡಿ, ಪೂರ್ಣ ಕಂಠದ ಸಾಧನೆಯನ್ನು ಸಂಜೆ ಆರು ಏಳರ ಹೊತ್ತಿಗೆ ಇಟ್ಟುಕೊಂಡರೆ ನೆರೆಯವರೊಂದಿಗಿನ ಜಗಳವೂ ತಪ್ಪುತ್ತದೆ.

ಶಿಷ್ಯೆ: ಸಂಜೆ ಎಂದರೆ ಕೆ.ಆರ್. ಪುರದ ತೂಗುಸೇತುವೆ ಕಡೆಯ ಟ್ರಾಫಿಕ್ ಸದ್ದು. ಅದರ ಮೇಲೆ ಹಾಡಿ ಗೆದ್ದರೆ ದನಿ ಬೆಳೆಯುವುದಿಲ್ಲವೇ?

ಮೇಷ್ಟ್ರು: ಗೆಲ್ಲುವುದು ಟ್ರಾಫಿಕ್ಕೇ. ಸುತ್ತ ಸದ್ದು ಹೆಚ್ಚಿದಾಗ ಮನುಷ್ಯರು ಅರಿವಿಲ್ಲದೆ ದನಿ ಏರಿಸುತ್ತಾರೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಪ್ರಕಟಿಸಿದ್ದರಿಂದ ಅದಕ್ಕೆ ಲೊಂಬಾರ್ ಪರಿಣಾಮ ಎಂಬ ಹೆಸರು. ಹೀಗೆ ಏರಿದ ದನಿಯಲ್ಲಿ ಶ್ರುತಿಯ ಹಿಡಿತ ಸಡಿಲ, ಗಂಟಲಿನ ಬಿಗಿ ಜಾಸ್ತಿ. ಕಿಟಕಿ ಮುಚ್ಚಿ, ರಸ್ತೆಯಿಂದ ದೂರದ ಕೋಣೆಯಲ್ಲಿ, ತಂಬೂರಿಯನ್ನು ಮಾತ್ರ ಕೇಳಿಸಿಕೊಳ್ಳುತ್ತ ಹಾಡುವುದೇ ಸರಿ. ರಾಮನವಮಿ, ಗಣೇಶೋತ್ಸವಗಳ ರಸ್ತೆ ಪೆಂಡಾಲಿನಲ್ಲಿ ಹಾಡುವವರಿಗೂ ಇದೇ ಬಲೆ. ಅಲ್ಲಿ ಮಾನಿಟರ್ ಸ್ಪೀಕರ್ ತಮ್ಮ ಕಡೆ ತಿರುಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ತಮ್ಮ ದನಿ ತಮಗೆ ಕೇಳದವರು ಖಂಡಿತ ಕಿರುಚುತ್ತಾರೆ.

ಶಿಷ್ಯೆ: ಮೈಕ್ ಇದ್ದೇ ಇರುವ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ.

ಮೇಷ್ಟ್ರು: ಮೈಕ್ ಇದ್ದದ್ದನ್ನು ದೊಡ್ಡದು ಮಾಡುತ್ತದೆ, ಇಲ್ಲದ ಹೊಳಪನ್ನು ಸೇರಿಸುವುದಿಲ್ಲ. ಪೊಳ್ಳು ದನಿಗೆ ವಾಲ್ಯೂಮ್ ಏರಿಸಿದರೆ ಗಾಳಿಯ ಸದ್ದೂ, ಪಕ್ಕದ ಮೃದಂಗವೂ ಏರುತ್ತವೆ, ಕೊನೆಗೆ ಸ್ಪೀಕರ್ ಕೂಗತೊಡಗುತ್ತದೆ. ಇಂದಿರಾನಗರ ಸಂಗೀತ ಸಭಾದ ಪುರಂದರ ಭವನದಂಥ ಸಭಾಂಗಣವಿರಲಿ, ಬೀದಿಯ ಪೆಂಡಾಲ್ ಇರಲಿ, ಕಂಠದಲ್ಲೇ ಸ್ಪಷ್ಟತೆ ಇದ್ದವರಿಗೆ ಮೈಕಿನವರ ಕೆಲಸ ಹಗುರ. ಸಾಮಾನ್ಯ ಡೈನಮಿಕ್ ಮೈಕ್ ತುಟಿಗೆ ತೀರ ಹತ್ತಿರ ಬಂದಷ್ಟೂ ತಗ್ಗಿನ ಕಂಪನಗಳನ್ನು ಉಬ್ಬಿಸುತ್ತದೆ, ದನಿ ಗುಂಯ್‌ಗುಡುತ್ತದೆ. ಒಂದು ಗೇಣಿನಷ್ಟು ದೂರ ಒಳ್ಳೆಯ ಆರಂಭ. ತಾರಕ್ಕೆ ಹೋದಾಗ ಇನ್ನೂ ಸ್ವಲ್ಪ ಹಿಂದೆ ಸರಿಯಬಹುದು.

ಶಿಷ್ಯೆ: ಪದಗಳ ಸ್ಪಷ್ಟತೆಗೆ ಬೇರೆ ಸಾಧನೆ ಬೇಕೇ?

ಮೇಷ್ಟ್ರು: ಬೇಕು. ದಾಸರ ಪದ ಹಾಡುವವರಿಗಂತೂ ಬೇಕೇ ಬೇಕು, ಅಲ್ಲಿ ಸಾಹಿತ್ಯ ಕೇಳದಿದ್ದರೆ ಅರ್ಧ ಹಾಡೇ ಹೋದಂತೆ. ಸ್ವರಾಕ್ಷರ ದನಿಯನ್ನು ಹೊರುತ್ತದೆ, ವ್ಯಂಜನ ಅರ್ಥವನ್ನು ಹೊರುತ್ತದೆ. ಒತ್ತಕ್ಷರಗಳಿಗೆ ಪೂರ್ಣ ಕಾಲ ಕೊಡಬೇಕು, ಪದದ ಕೊನೆಯ ಅಕ್ಷರವನ್ನು ನುಂಗಬಾರದು. ಸಾಹಿತ್ಯವನ್ನು ಮೊದಲು ರಾಗವಿಲ್ಲದೆ, ಷಡ್ಜದ ಮೇಲೆ, ತಾಳ ಹಾಕುತ್ತ ಗಟ್ಟಿಯಾಗಿ ಓದಿ ಆಮೇಲೆ ಹಾಡಿದರೆ ನಾಲಿಗೆ, ತುಟಿ ಎಚ್ಚರವಾಗುತ್ತವೆ.

ಶಿಷ್ಯೆ: ದಿನದ ಸಾಧನೆಯ ಕ್ರಮ ಹೇಗಿರಬೇಕು?

ಮೇಷ್ಟ್ರು: ಅರ್ಧ ಗಂಟೆ ಸಾಕು, ಪ್ರತಿದಿನ ನಡೆಯಬೇಕು. ಮೊದಲ ಐದಾರು ನಿಮಿಷ ಗುನುಗು, ತುಟಿ ಅದುರಿಸುವುದು ಅಥವಾ ಸ್ಟ್ರಾ. ಮುಂದಿನ ಹತ್ತು ನಿಮಿಷ ಮಂದ್ರದಿಂದ ಮೇಲಕ್ಕೆ ಅಕಾರದಲ್ಲಿ ದೀರ್ಘ ಸ್ವರಗಳು: ಒಂದೇ ಉಸಿರಿನಲ್ಲಿ ಮೆಲ್ಲಗೆ ಆರಂಭಿಸಿ, ನಡುವೆ ತುಂಬಿ, ಮತ್ತೆ ಮೆಲ್ಲಗೆ ಇಳಿಸಬೇಕು, ಶ್ರುತಿ ಮಾತ್ರ ಕದಲಬಾರದು. ಆಮೇಲೆ ಹತ್ತು ನಿಮಿಷ ಜಂಟಿ ವರಸೆ ಒಂದನೇ, ಎರಡನೇ ಕಾಲದಲ್ಲಿ. ಕೊನೆಗೆ ಒಂದು ಪದವನ್ನು ಕೋಣೆಯ ದೂರದ ಮೂಲೆಯಲ್ಲಿ ಕೂತವರಿಗೆ ಹೇಳುವಂತೆ ಹಾಡಬೇಕು. ಮನೆಯವರನ್ನು ಅಲ್ಲಿ ಕೂರಿಸಿ ಯಾವ ಪದ ಕೇಳಲಿಲ್ಲ ಎಂದು ಕೇಳುವುದು ಒಳ್ಳೆಯ ಪರೀಕ್ಷೆ. ಮೊಬೈಲ್ ರೆಕಾರ್ಡಿಂಗನ್ನು ಗಟ್ಟಿತನದ ಅಳತೆಯಾಗಿ ನಂಬಬಾರದು. ಹಲವು ಮೊಬೈಲ್‌ಗಳು ಸಣ್ಣ ದನಿಯನ್ನು ತಾವೇ ಏರಿಸಿ, ದೊಡ್ಡ ದನಿಯನ್ನು ತಾವೇ ಇಳಿಸಿಬಿಡುತ್ತವೆ. ಅದರಲ್ಲಿ ಸ್ಪಷ್ಟತೆಯನ್ನು ಮಾತ್ರ ನೋಡಬೇಕು. ದೇಹ ಈ ರೂಢಿ ಹಿಡಿಯಲು ತಿಂಗಳುಗಳೇ ಬೇಕು.

ಶಿಷ್ಯೆ: ಕಲ್ಲುಸಕ್ಕರೆ, ಕಾಳುಮೆಣಸು, ಬಿಸಿನೀರು ದನಿ ತೆರೆಯುತ್ತವೆ ಎನ್ನುತ್ತಾರೆ.

ಮೇಷ್ಟ್ರು: ತಿಂದದ್ದು, ಕುಡಿದದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಗಂಟಲಿಗೆ ಹಿತ ಸಿಗಬಹುದು, ಅಷ್ಟೇ. ದಿನವಿಡೀ ಆಗಾಗ ನೀರು ಕುಡಿಯುವುದು ನಿಜವಾದ ಸಹಾಯ. ಪದೇ ಪದೇ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುವುದು ತಂತುಗಳನ್ನು ಒಂದಕ್ಕೊಂದು ಬಡಿಯುತ್ತದೆ. ಅದರ ಬದಲು ಒಂದು ಗುಟುಕು ನೀರು ನುಂಗುವುದು ಮೇಲು. ರಾತ್ರಿ ತಡವಾಗಿ ಉಂಡು ತಕ್ಷಣ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಬಂದು ಬೆಳಗಿನ ದನಿ ಒರಟಾಗಬಹುದು. ನೆಗಡಿಯಿಂದ ದನಿ ಕಟ್ಟಿದಾಗ ಸಾಧನೆ ನಿಲ್ಲಿಸಬೇಕು. ದನಿ ಒಡೆಯುವ ವಯಸ್ಸಿನ ಹುಡುಗರನ್ನು ಹಳೆಯ ಶ್ರುತಿಯಲ್ಲಿ ಬಲವಂತವಾಗಿ ಹಾಡಿಸಬಾರದು.

ಶಿಷ್ಯೆ: ಸಾಧನೆ ತಪ್ಪು ದಾರಿ ಹಿಡಿದಿದೆ ಎಂದು ತಿಳಿಯುವುದು ಹೇಗೆ?

ಮೇಷ್ಟ್ರು: ಸರಿಯಾದ ಸಾಧನೆಯ ನಂತರ ಮಾತಿನ ದನಿ ಹಗುರವಾಗಿರುತ್ತದೆ. ಹಾಡಿದ ಮೇಲೆ ನೋವು, ಉರಿ, ಒಡಕು ಇದ್ದರೆ ಬಲ ಹೆಚ್ಚಾಗಿದೆ ಎಂದರ್ಥ. ಹಾಗೆಯೇ ಮುಂದುವರಿದರೆ ತಂತುಗಳ ಮೇಲೆ ಗಂಟುಗಳು ಬೆಳೆಯಬಹುದು. ಮೊದಲ ಹಂತದಲ್ಲಿ ಕಂಡುಕೊಂಡರೆ ವಿಶ್ರಾಂತಿ ಮತ್ತು ಧ್ವನಿ ಚಿಕಿತ್ಸೆಯಿಂದ ಅವು ಸಾಮಾನ್ಯವಾಗಿ ಕರಗುತ್ತವೆ. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಬೇಕು. ಶಿವಾಜಿನಗರದ ಸುತ್ತಿನವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರ. ಧ್ವನಿ ಚಿಕಿತ್ಸೆಯನ್ನು ಕಲಿಸುವ ಮತ್ತು ನೀಡುವ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಲಿಂಗರಾಜಪುರದಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ಹಾಡುಗಾರರು ಅಲ್ಲಿಗೆ ಹೋಗಲು ಸಂಕೋಚಪಡಬೇಕಿಲ್ಲ. ಶ್ರುತಿ, ಉಸಿರು, ಬಾಯಿಯ ಆಕಾರ ಹೊಂದಿದ ಕಂಠ ಹೆಚ್ಚು ಬಲ ಕೇಳದೆಯೇ ದೂರ ಮುಟ್ಟುತ್ತದೆ. ಬಲದಿಂದ ಮಾತ್ರ ಮುಟ್ಟುವ ಕಂಠ ಹೆಚ್ಚು ವರ್ಷ ಬಾಳುವುದಿಲ್ಲ.